ಅಕ್ಕಯ್ಯಮ್ಮನ ಕಲ್ಲಿಗೆ ಅರಿಶಿನ

ಕಲ್ಲಿನ ತಲೆಯ ಮೇಲೆ ಸೂರ್ಯ ಚಂದ್ರ ಇರುವುದನ್ನು ಮೊದಲು ಕಂಡವನು ಎಳನೀರು ಮಾರುವ ಪಿಳ್ಳಣ್ಣ. ಕ್ರೇನಿನವರು ಕಲ್ಲನ್ನು ಕೊಡಿಗೇಹಳ್ಳಿಯ ಸರ್ವೀಸ್ ರಸ್ತೆಯ ಪಕ್ಕ ನಿಲ್ಲಿಸಿ, ಸುತ್ತಿದ್ದ ಗೋಣಿಪಟ್ಟೆ ಬಿಚ್ಚಿದ್ದರು. ಪಿಳ್ಳಣ್ಣ ಮಚ್ಚನ್ನು ಗಾಡಿಯ ಮೇಲಿಟ್ಟು ಬಂದು ಕಲ್ಲಿನ ಸುತ್ತ ಒಂದು ಸುತ್ತು ಹಾಕಿ ನನ್ನ ಕಡೆ ತಿರುಗಿದ.

"ಗಂಗಕ್ಕ, ಇದ್ಯಾಕೆ ಸಮಾಧಿ ಕಲ್ಲು ತಂದು ರೋಡಲ್ಲಿ ನೆಟ್ಟವ್ರೆ?"

"ಸಮಾಧಿ ಅಲ್ಲ ಕಣೋ. ನಮ್ಮಕ್ಕನ ಎಸ್ರು ಬರ್ದಿರೋ ಕಲ್ಲು."

"ಎಸ್ರು ಐತೆ, ಉಟ್ಟಿದ್ದು ಸತ್ತಿದ್ದು ಐತೆ, ಸೂರ್ಯ ಚಂದ್ರ ಐತೆ, ಕೆಳಗೆ ದೀಪ ಇಕ್ಕೋ ಗೂಡೂ ಐತೆ. ಇನ್ನೇನು ಬೇಕು ಸಮಾಧಿಗೆ? ಎಣ ಒಂದು ಕಮ್ಮಿ, ಅಷ್ಟೇಯ."

ಅವನದು ತಪ್ಪಲ್ಲ. ಆ ಕಲ್ಲು ಕೆತ್ತಿದವನು ಅಟ್ಟೂರಿನ ಬಾಲರಾಜು. ಅವನ ಅಪ್ಪನೂ ಅವನೂ ಜೀವಮಾನವೆಲ್ಲ ಕೆತ್ತಿದ್ದು ಸಮಾಧಿ ಕಲ್ಲುಗಳನ್ನೇ. ನಮ್ಮ ಕಡೆ ಹೊಲದ ಮೂಲೆಯಲ್ಲಿ ಹಿರಿಯರನ್ನು ಮಣ್ಣು ಮಾಡಿ ಮೇಲೆ ಕಲ್ಲು ನಿಲ್ಲಿಸುತ್ತೇವೆ. ಸೂರ್ಯ ಚಂದ್ರ ಇರುವವರೆಗೂ ಇವರ ಹೆಸರು ಇರಲಿ ಎಂದು ತಲೆಯ ಮೇಲೆ ಎರಡನ್ನೂ ಕೆತ್ತಿಸುತ್ತೇವೆ. ಬಾಲರಾಜುವಿಗೆ ಕೊಟ್ಟಿದ್ದು ಬರೀ ಅಕ್ಷರದ ಕೆಲಸ. ಆದರೆ ತೀರಿಹೋದ ಹೆಣ್ಣುಮಗಳ ಹೆಸರನ್ನು ಬೋಳು ಕಲ್ಲಿನ ಮೇಲೆ ಕಳಿಸಲು ಅವನಿಗೆ ಮನಸ್ಸು ಬರಲಿಲ್ಲವಂತೆ. ಸೂರ್ಯ, ಚಂದ್ರ, ದೀಪದ ಗೂಡು ಮೂರನ್ನೂ ತನ್ನ ಕಡೆಯಿಂದ ಸೇರಿಸಿ ಕಳಿಸಿದ್ದ.

ಕಲ್ಲು ಮಾಡಿಸಿದ ಐಮನ್ ಅದನ್ನು ನೋಡಿ ನಕ್ಕುಬಿಟ್ಟಳು. ಅವಳು ಕರಾವಳಿಯ ಹುಡುಗಿ, ನಮ್ಮಕ್ಕನ ಹತ್ತಿರ ಕಲಿತವಳು, ಈಗ ತಾನೂ ಹತ್ತಾರು ಮಂದಿಗೆ ಕಲಿಸುತ್ತಾಳೆ. "ಇರಲಿ ಬಿಡಿ ಅಮ್ಮಾ, ಪ್ರೀತಿಯಿಂದ ಮಾಡಿದ್ದಾರೆ" ಎಂದು ನನ್ನ ಕೈ ಹಿಡಿದು ಕಲ್ಲಿನ ಮುಂದೆ ನಿಲ್ಲಿಸಿದಳು. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಅವಸರ ಮಾಡದೆ ಕಾದಳು. ಕಲ್ಲಿನಲ್ಲಿ ಹೀಗಿತ್ತು:

ಸಮುದ್ರ ವಿಜ್ಞಾನಿ ಡಾ. ಚಿ. ಅಕ್ಕಯ್ಯಮ್ಮ ಇಲ್ಲಿದ್ದ ಮನೆಯಲ್ಲಿ ಹುಟ್ಟಿದರು. ಕಡಲ ಒಳಗೆ ನೀರು ಎತ್ತ ಹರಿಯುತ್ತದೆಂದು ನಲವತ್ತು ವರ್ಷ ಅಳೆದರು. ಹಡಗು ಹತ್ತಲು ಬಿಡದಿದ್ದಾಗ ದಡದಲ್ಲಿ ಕುಳಿತು ಅಳೆದರು.

ಕೆಳಗೆ ಹುಟ್ಟಿದ ವರ್ಷ, ತೀರಿದ ವರ್ಷ.

ಇಲ್ಲಿದ್ದ ಮನೆ ಎಂದರೆ ನಮ್ಮಪ್ಪ ಚಿಕ್ಕಹನುಮಯ್ಯನ ಮನೆ. ನಡುಮನೆ ಇದ್ದ ಕಡೆ ಈಗ ಸರ್ವೀಸ್ ರಸ್ತೆ, ಕೊಟ್ಟಿಗೆ ಇದ್ದ ಕಡೆ ನಮ್ಮಣ್ಣನ ಮೊಮ್ಮಗ ಉಮೇಶ ಕಟ್ಟಿಸಿರುವ ಅಪಾರ್ಟ್‌ಮೆಂಟಿನ ಗೇಟು. ಎರಡಕ್ಕೂ ನಡುವೆ ಉಳಿದಿರುವ ಗೇಣಗಲದ ಮಣ್ಣಿನಲ್ಲಿ ಕಲ್ಲು ನಿಂತಿದೆ.

ಅಕ್ಕ ಹುಟ್ಟಿದ ಊರಿನಿಂದ ಕಡಲು ಎಷ್ಟು ದೂರ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮಗೆ ಇದ್ದದ್ದು ಕೆರೆ. ಈಜು ಕಲಿಯುವವರು ಬೆನ್ನಿಗೆ ಕಟ್ಟಿಕೊಳ್ಳುವ ಒಣ ಸೋರೆಬುರುಡೆಗಳನ್ನು ಅಕ್ಕ ಕದ್ದು ತಂದು, ಸುಣ್ಣದ ಬೊಟ್ಟಿಟ್ಟು, ಕೋಡಿಯ ಹತ್ತಿರ ನೀರಿಗೆ ಬಿಡುತ್ತಿದ್ದಳು. ಕೆಲವಕ್ಕೆ ಕೆಳಗೆ ಹಗ್ಗ ಕಟ್ಟಿ ಕಲ್ಲು ಇಳಿಬಿಡುತ್ತಿದ್ದಳು. ಮಾರನೆಯ ದಿನ ಹೋಗಿ ಯಾವುದು ಎಲ್ಲಿ ದಡ ಸೇರಿದೆ ಎಂದು ನೋಡುವುದು. "ಬರೀ ಬುರುಡೆ ಗಾಳಿ ಬಂದಂಗೆ ಓಯ್ತದೆ ಕಣೇ ಗಂಗಿ. ಕಲ್ಲು ಕಟ್ಟಿದ್ದು ಬೇರೆ ಕಡೆ ಓಯ್ತದೆ. ಒಳಗಿನ ನೀರು ನಾವು ಕಂಡಂಗಿಲ್ಲ" ಎನ್ನುತ್ತಿದ್ದಳು. ಬುರುಡೆ ಕಳೆದುಕೊಂಡವರು ಬಂದು ಅಪ್ಪನ ಹತ್ತಿರ ಕೂಗಾಡಿದರೆ, ಅಪ್ಪ ಅವಳಿಗೆ ಎರಡು ಬಿಟ್ಟು, ಸಾಯಂಕಾಲ ಮತ್ತೊಂದು ಬುರುಡೆ ತಂದುಕೊಡುತ್ತಿದ್ದ. ಅಪ್ಪನಂಥವನು ಇದ್ದದ್ದರಿಂದ ಅವಳು ಯಲಹಂಕದ ಶಾಲೆ ಕಂಡಳು, ಪೇಟೆಯ ಕಾಲೇಜು ಕಂಡಳು, ಆಮೇಲೆ ಕಡಲು ಕಂಡಳು.

ಮದುವೆಯಾಗಲಿಲ್ಲ. ಬೇಸಿಗೆಗೊಮ್ಮೆ ಬರುತ್ತಿದ್ದಳು. ಅವಳನ್ನು ಸುಟ್ಟದ್ದೂ ಕಡಲ ದಡದಲ್ಲೇ, ಬೂದಿ ಬಿಟ್ಟದ್ದೂ ಕಡಲಿಗೇ. ಊರಿನಲ್ಲಿ ಅವಳದೆಂದು ಹೇಳುವುದಕ್ಕೆ ಈ ಕಲ್ಲಿನ ಹೊರತು ಏನೂ ಇಲ್ಲ.

ಕಲ್ಲು ನಿಂತ ಮೇಲೆ ಉಮೇಶನ ಮುಖ ಇಳಿಯಿತು. ಒಂದು ಬೆಳಿಗ್ಗೆ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತ. ಅವನ ಹಳೇ ಕಟ್ಟಡದ ಕೆಳಗಿನ ಕೋಣೆಯಲ್ಲಿ ನಾನು ಇರುವುದು.

"ಅಜ್ಜಿ, ಇವತ್ತೂ ಒಂದ್ ಪಾರ್ಟಿ ಬಂದಿತ್ತು. ಗೇಟ್ ಹತ್ರ ಕಾರ್ ಸ್ಲೋ ಮಾಡಿದ್ರು, ಕಲ್ಲು ನೋಡಿದ್ರು, ರಿವರ್ಸ್ ತಗೊಂಡು ಹೋಗೇಬಿಟ್ರು. ಒಳಗೇ ಬರ್ಲಿಲ್ಲ."

"ಇಳ್ದು ಓದ್ಬೇಕಿತ್ತು."

"ಯಾರು ಓದ್ತಾರೆ ಅಜ್ಜಿ? ದೂರದಿಂದ ನೋಡಿದ್ರೆ ಗೋರಿ ಕಣೇ ಅದು. ಗೋರಿ ಎದುರಿಗೆ ಯಾರಾದ್ರೂ ಫ್ಲ್ಯಾಟ್ ತಗೊಂತಾರಾ? ಸಹಕಾರನಗರದ ಪಾರ್ಕಲ್ಲಿ ಇಡಿಸ್ತೀನಿ. ಸುತ್ತ ಹುಲ್ಲು, ಲೈಟು, ವಾಕಿಂಗ್ ಬರೋ ಓದ್ಕೊಂಡಿರೋ ಜನ. ರೆಸ್ಪೆಕ್ಟ್ ಇರುತ್ತೆ. ನೀನು ಹೂಂ ಅನ್ನು ಸಾಕು, ಕಲ್ಲು ಮಾಡ್ಸಿದ ಆ ಮೇಡಂ ನಿನ್ ಮಾತಿಗೆ ಎದುರಾಡಲ್ಲ."

"ಪಾರ್ಕಲ್ಲಿ ನಮ್ಮಕ್ಕ ಉಟ್ಟಿದ್ಲಾ?"

"ಅಯ್ಯೋ, ಯಾರಿಗೆ ಗೊತ್ತಾಗುತ್ತೆ?"

"ಕಲ್ಲಲ್ಲಿ 'ಇಲ್ಲಿ' ಅಂತ ಬರ್ದೈತೆ ಕಣೋ. ಅಲ್ಲಿ ನಿಲ್ಸಿದ್ರೆ ಅದು ಸುಳ್ಳು ಏಳ್ಕೊಂಡು ನಿಂತಿರ್ತದೆ. ನಮ್ಮಕ್ಕ ಸುಳ್ಳು ಏಳ್ತಿರಲಿಲ್ಲ."

ಅವನು ಎದ್ದು ನಿಂತ. "ಸೋಮವಾರ ಜೆಸಿಬಿ ಬರುತ್ತೆ ಅಜ್ಜಿ. ನೀನು ಹೂಂ ಅಂದ್ರೂ ಬರುತ್ತೆ, ಊಹೂಂ ಅಂದ್ರೂ ಬರುತ್ತೆ."

"ಬರ್ಲಿ. ನಾನೂ ಅಲ್ಲೇ ಕೂತಿರ್ತೀನಿ."

ನಾನು ಜಗಳಗಂಟಿಯಲ್ಲ. ಜೀವನದಲ್ಲಿ ದನಿ ಎತ್ತಿ ಮಾತಾಡಿದ್ದು ಕಡಿಮೆ. ಆದರೆ ಕೂರುವುದು ಗೊತ್ತು. ಸೋಮವಾರ ಬೆಳಿಗ್ಗೆ ಚಾಪೆ ಸುತ್ತಿಕೊಂಡು, ಡಬ್ಬಿಯಲ್ಲಿ ಮುದ್ದೆ ಸಾರು ಹಾಕಿಕೊಂಡು ಹೊರಟೆ. ದೂರದಿಂದ ನೋಡಿದರೆ ನನ್ನ ಕಣ್ಣಿನ ಪೊರೆಗೆ ಕಲ್ಲು ಹಳದಿಯಾಗಿ ಕಂಡಿತು. ಹತ್ತಿರ ಹೋದರೂ ಹಳದಿಯೇ. ಮೇಲಿಂದ ಕೆಳಗಿನವರೆಗೆ ಎಣ್ಣೆ ಕಲೆಸಿದ ಅರಿಶಿನ ಬಳಿದು, ನಡುವೆ ಅಂಗೈಯಗಲ ಕುಂಕುಮ ಇಟ್ಟು, ಸೊಂಟಕ್ಕೆ ಕೆಂಪು ರವಿಕೆ ಕಣ ಸುತ್ತಿದ್ದರು. ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಬೇವಿನ ಸೊಪ್ಪು, ನಿಂಬೆಹಣ್ಣು. ಎರಡು ಮೂರು ಹೆಂಗಸರು ಸುತ್ತು ಬರುತ್ತಿದ್ದರು.

ಪಿಳ್ಳಣ್ಣ ಗಾಡಿಯ ಹಿಂದಿನಿಂದ ಹಲ್ಲು ಕಿರಿದ. "ಸುಮ್ನೆ ನೋಡ್ತಿರು ಗಂಗಕ್ಕ."

ಜೆಸಿಬಿ ಬಂತು. ಓಡಿಸುತ್ತಿದ್ದ ಮಣಿಕಂಠ ಎಂಬ ಹುಡುಗ ಕಲ್ಲಿನ ಮುಂದೆ ಗಾಡಿ ನಿಲ್ಲಿಸಿದ. ಒಂದು ಗಳಿಗೆ ನೋಡಿದ. ಕೆಳಗಿಳಿದ, ಚಪ್ಪಲಿ ಬಿಟ್ಟ, ಕೈ ಮುಗಿದ, ಕುಂಕುಮ ತೆಗೆದು ಹಣೆಗಿಟ್ಟುಕೊಂಡ, ಮತ್ತೆ ಹತ್ತಿ ಬಂದ ದಾರಿಯಲ್ಲೇ ಹೊರಟುಹೋದ.

"ನೋಡ್ದಾ? ನೀನು ಚಾಪೆ ತಂದೆ. ನಾನು ಒಂದು ಪ್ಯಾಕೆಟ್ ಅರಿಶಿನದಲ್ಲಿ ಕೆಲ್ಸ ಮುಗಿಸ್ದೆ" ಎಂದ ಪಿಳ್ಳಣ್ಣ.

ಸುಳ್ಳು ಯಾಕೆ ಹೇಳಲಿ, ಅವತ್ತು ನನಗೂ ಹಗುರವಾಯಿತು. ಎಳನೀರು ಕೊಟ್ಟ, ಕುಡಿದೆ. ಕಲ್ಲು ಉಳಿಯಿತಲ್ಲ ಎಂದುಕೊಂಡು ಮನೆಗೆ ಬಂದೆ.

ಆದರೆ ದೇವರಾದ ಮೇಲೆ ಕಲ್ಲು ಸುಮ್ಮನಿರುವುದಿಲ್ಲ. ಅದಕ್ಕೆ ಒಂದು ಹೆಸರು ಬೇಕು. ಸಮುದ್ರದಮ್ಮ ಎಂದು ಯಾರೋ ಕರೆದರು, ಅದೇ ನಿಂತಿತು. ಹರಕೆ ಹೊತ್ತವಳ ಮಗಳಿಗೆ ಗಂಡು ಗೊತ್ತಾಯಿತು. ಆಟೋದವನ ಕಳೆದುಹೋದ ಫೋನು ಸಿಕ್ಕಿತು. ಎಣ್ಣೆಯ ಮೇಲೆ ಎಣ್ಣೆ, ಅರಿಶಿನದ ಮೇಲೆ ಅರಿಶಿನ. ಒಂದು ದಿನ ನಾನು ಹೋಗಿ ನೋಡಿದರೆ ಅಕ್ಷರಗಳ ಗುಣಿಗಳೆಲ್ಲ ತುಂಬಿ ಕಲ್ಲು ನುಣ್ಣಗಾಗಿತ್ತು. ಬೆರಳಾಡಿಸಿದೆ. ಅಕ್ಕನ ಹೆಸರು ಬೆರಳಿಗೆ ಸಿಗಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಹೆಂಗಸನ್ನು ಕೇಳಿದೆ, "ಇದು ಯಾರಮ್ಮ?"

"ಸಮುದ್ರದಮ್ಮ ಅಜ್ಜಿ. ಸಾವಿರಾರು ವರ್ಷದಿಂದ ಇಲ್ಲೇ ಭೂಮಿ ಒಳ್ಗೆ ಇದ್ಲಂತೆ. ಬಿಲ್ಡಿಂಗ್ ಪಾಯ ತೆಗೀವಾಗ ಎದ್ದು ಬಂದ್ಲಂತೆ."

ಆ ವಾರವೇ ಉಮೇಶ ಲಾಡಿನ ಡಬ್ಬಿ ಹಿಡಿದು ಬಂದ.

"ಅಜ್ಜಿ, ಸೂಪರ್ ಆಯ್ತು! ಗೇಟಲ್ಲೇ ಗುಡಿ ಅಂದ್ರೆ ಜನ ಹುಡುಕ್ಕೊಂಡು ಬರ್ತಿದ್ದಾರೆ. ಶುಕ್ರವಾರ ಬೆಳ್ಳಿ ಮುಖವಾಡ ಹಾಕಿಸ್ತೀನಿ. ಹಿಂದ್ಗಡೆ ಟೈಲ್ಸು, ಮೇಲೆ ಚಿಕ್ಕದಾಗಿ ಗೋಪುರ. ನಿನ್ ಕೈಯಲ್ಲೇ ಮೊದಲ್ನೇ ಆರತಿ. ಕಲ್ಲು ಇಲ್ಲೇ ಇರ್ಬೇಕು ಅಂತಿದ್ದೆ ತಾನೆ? ಇಲ್ಲೇ ಇರುತ್ತೆ!"

"ಅಕ್ಷರ?"

"ಯಾವ ಅಕ್ಷರ?"

ಅವನು ನಿಜವಾಗಿಯೂ ಕೇಳುತ್ತಿದ್ದ. ತಮಾಷೆಗಲ್ಲ. ನನಗೆ ಆಗ ಅರ್ಥವಾಯಿತು, ಪಾರ್ಕಿಗೆ ಹೋಗಿದ್ದರೆ ಅಕ್ಕನ ಹೆಸರಾದರೂ ಉಳಿಯುತ್ತಿತ್ತು. ಇಲ್ಲಿ ಅದೂ ಇಲ್ಲ.

ಅವನು ಹೋದ ಮೇಲೆ ಲಾಡು ಹಾಗೇ ಇತ್ತು. ಅಕ್ಕ ಒಂದು ಬೇಸಿಗೆಯಲ್ಲಿ ಹೇಳಿದ್ದು ನೆನಪಾಯಿತು. ಹಿತ್ತಲಲ್ಲಿ ಹುರುಳಿ ಒಕ್ಕುತ್ತಿದ್ದೆವು. ಅವಳು ಹಡಗು ಹತ್ತಿದ ಕತೆ ಅದು.

ಮೊದಮೊದಲು ಅವಳನ್ನು ಹಡಗಿಗೆ ಸೇರಿಸಲೇ ಇಲ್ಲ. ಹೆಂಗಸಿಗೆ ಜಾಗವಿಲ್ಲ, ಹೆಂಗಸು ಹತ್ತಿದರೆ ಗಾಳಿ ಏಳುತ್ತದೆ ಎಂದರು. ಅವಳು ಬಂದರಿನ ಕಟ್ಟೆಯ ಮೇಲೆ ಒಂದು ಕುರ್ಚಿ ಹಾಕಿಕೊಂಡು ಕೂತಳು. ಹಡಗಿನವರು ತಂದುಕೊಟ್ಟ ಸೀಸೆಯ ನೀರನ್ನೇ ಅಳೆದಳು. ಮಳೆಯಲ್ಲೂ ಕೂತಳು. ಕೊನೆಗೆ ಅವರಿಗೇ ನಾಚಿಕೆಯಾಗಿ ಹತ್ತಿಸಿಕೊಂಡರು. ಮೊದಲ ಸಲ ಹೋದಾಗ ನಿಜವಾಗಿಯೂ ಗಾಳಿ ಎದ್ದಿತು. ಅನಿಷ್ಟ ಎಂದು ಒಂದು ಮೂಲೆಯಲ್ಲಿ ಕೂರಿಸಿದರು. ಎರಡನೇ ಸಲ ಕಡಲು ತಣ್ಣಗಿತ್ತು, ಮೀನು ಬಲೆ ತುಂಬ ಬಿತ್ತು. ಆಗ ಅವರೇ ಸೇವಂತಿಗೆ ಹಾರ ತಂದು ಹಾಕಿ, ಕಾಯಿ ಒಡೆದು, ನೀನೇ ಗಂಗಮ್ಮ ತಾಯಿ ಎಂದು ಅಡ್ಡಬಿದ್ದರು. ತಾಯಿಯನ್ನು ಒಂದು ಪೆಟ್ಟಿಗೆಯ ಮೇಲೆ ಕೂರಿಸಿ, ನೀರು ಸೇದುವ ಹಗ್ಗಕ್ಕೆ ಕೈ ಹಾಕಲು ಬಿಡಲಿಲ್ಲ.

"ಅನಿಷ್ಟ ಅಂದಾಗ್ಲೂ ಅಗ್ಗ ಕೊಡ್ಲಿಲ್ಲ, ಅಮ್ಮ ಅಂದಾಗ್ಲೂ ಕೊಡ್ಲಿಲ್ಲ ಕಣೇ ಗಂಗಿ" ಎಂದಳು ಅಕ್ಕ. "ಅಡ್ಡಬೀಳೋರ್ನ ಕಂಡ್ರೆ ನಂಗೆ ಬೈಯೋರ್ಗಿಂತ ಜಾಸ್ತಿ ಸಿಟ್ಟು ಬತ್ತದೆ."

"ಸೇವಂತ್ಗೆ ಆರ ಏನ್ ಮಾಡ್ದೆ?"

"ಕಿತ್ತು ನೀರಿಗೆಸೆದೆ. ಎಲ್ಲಾ ಬಾಯಿ ಬಿಟ್ಕೊಂಡು ನೋಡ್ತಾ ನಿಂತವ್ರೆ. ನಾನು ಊವು ಯಾವ ಕಡೆ ತೇಲ್ಕೊಂಡು ಓಯ್ತದೆ ಅಂತ ನೋಡ್ದೆ. ದಕ್ಷಿಣಕ್ಕೆ ಓಯ್ತು. ಬರ್ಕೊಂಡೆ."

ಹೇಳಿ, ಹುರುಳಿ ಕಾಯಿ ಕೈಯಲ್ಲಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದಳು.

ಶುಕ್ರವಾರ ಬೆಳಿಗ್ಗೆ ನಾನು ಬಕೆಟ್ಟಿನಲ್ಲಿ ಬಿಸಿನೀರು ತುಂಬಿಕೊಂಡೆ. ಒಲೆ ಬೂದಿ ನಮ್ಮಲ್ಲಿ ಈಗ ಇಲ್ಲ. ಸೀಗೆಪುಡಿ, ನೆನೆಸಿದ ಹುಣಸೆಹಣ್ಣು ತೆಗೆದುಕೊಂಡೆ. ಬಕೆಟ್ಟು ಭಾರವಾಗಿತ್ತು, ನಿಂತು ನಿಂತು ಹೋದೆ. ಪಿಳ್ಳಣ್ಣನ ಗಾಡಿಯ ಹತ್ತಿರ ನಿಂತು, "ಒಂದು ಒಣಗಿದ ಬುರುಡೆ ಕೊಡೋ. ನಾರು ಬೇಕು" ಎಂದೆ.

"ಯಾತಕ್ಕೆ?" ಎಂದವನು ಬಕೆಟ್ಟು ನೋಡಿದ, ಕಲ್ಲಿನ ಕಡೆ ನೋಡಿದ. ಅವನ ಮುಖದ ಬಣ್ಣ ಹೋಯಿತು. "ಬ್ಯಾಡ ಗಂಗಕ್ಕ. ಒಂದ್ಸಲ ಎಬ್ಬಿಸಿದ ಮೇಲೆ ತೊಳೀಬಾರ್ದು. ನಾನು ಕೊಡಾಕಿಲ್ಲ."

"ಎಬ್ಬಿಸ್ದೋನು ನೀನು. ಮಲಗಿಸ್ತೀನಿ ನಾನು." ಅವನ ಗಾಡಿಯ ಕೆಳಗೆ ಬಿದ್ದಿದ್ದ ಒಂದು ಸಿಪ್ಪೆಯನ್ನು ನಾನೇ ಬಗ್ಗಿ ತೆಗೆದುಕೊಂಡೆ.

ಕಲ್ಲಿನ ಮುಂದೆ ಆಗಲೇ ಜನ ಸೇರಿದ್ದರು. ಉಮೇಶನ ಹೆಂಡತಿ ಚೈತ್ರ ರೇಷ್ಮೆ ಸೀರೆಯುಟ್ಟು ತಟ್ಟೆಯಲ್ಲಿ ಮುಖವಾಡ ಹಿಡಿದು ನಿಂತಿದ್ದಳು. ಬೆಳ್ಳಿಯ ದೊಡ್ಡ ಕಣ್ಣುಗಳು, ಮೂಗುಬೊಟ್ಟು. ನಮ್ಮಕ್ಕ ಜೀವಮಾನದಲ್ಲಿ ಮೂಗು ಚುಚ್ಚಿಸಿಕೊಂಡವಳಲ್ಲ.

"ಬಾ ಅಜ್ಜಿ, ನಿನಗೇ ಕಾಯ್ತಿದ್ವಿ" ಎಂದ ಉಮೇಶ. "ಅಭಿಷೇಕಕ್ಕೆ ನೀರು ತಂದ್ಯಾ? ಅಯ್ಯೋ, ಹೇಳಿದ್ರೆ ನಾನೇ ತರ್ತಿದ್ನಲ್ಲ."

ನಾನು ಸೆರಗು ಸಿಕ್ಕಿಸಿದೆ. ರವಿಕೆ ಕಣ ಬಿಚ್ಚಿ ಮಡಿಸಿ ಪಕ್ಕಕ್ಕಿಟ್ಟೆ. ದೀಪ ಎತ್ತಿ ಕೆಳಗಿಟ್ಟೆ. ಒಂದು ಚೊಂಬು ಬಿಸಿನೀರು ಹೊಯ್ದೆ. ಎಲ್ಲರೂ ಕೈ ಮುಗಿದರು. ಹುಣಸೆಹಣ್ಣು ಬಳಿದು ತೆಂಗಿನ ನಾರಿನಿಂದ ಕರಕರ ಉಜ್ಜಲು ಶುರುಮಾಡಿದಾಗ ಮುಗಿದ ಕೈಗಳು ಹಾಗೇ ನಿಂತವು.

"ಅಜ್ಜಿ! ಏನ್ ಮಾಡ್ತಿದ್ದೀಯ? ದೇವ್ರು ಕಣೇ ಅದು!"

"ಇವ್ಳಾ? ಇವ್ಳು ನಂಗೆ ತಲೆ ಬಾಚ್ತಿದ್ಲು ಕಣೋ. ಸಿಕ್ಕು ಅಂತ ಕೂದ್ಲು ಕಿತ್ತು ಕೈಗೆ ಕೊಡ್ತಿದ್ಲು."

"ಅಮ್ಮ ಕಣ್ಣು ಕಿತ್ಕೋತಾಳೆ ಅಜ್ಜಿ, ಬಿಟ್ಬಿಡಿ" ಎಂದು ಹಿಂದಿನಿಂದ ಒಬ್ಬಳು ಅಳುವ ದನಿಯಲ್ಲಿ ಕೂಗಿದಳು.

"ಬಲಗಣ್ಣಿಗೆ ಪೊರೆ ಬಂದೈತೆ. ಅದನ್ನೇ ತಗೊಂಡೋಗು ಅಂತ ಏಳಮ್ಮ."

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಹಳದಿ ನೀರು ನನ್ನ ಕಾಲ ಮೇಲೆ ಹರಿದು ರಸ್ತೆಗೆ ಇಳಿಯುತ್ತಿತ್ತು. ತೋಳು ನೋಯುತ್ತಿತ್ತು. ನಾನು ನಿಧಾನಕ್ಕೆ ಉಜ್ಜಿದೆ. ಅವಸರದ ಕೆಲಸವಲ್ಲ ಅದು, ಗುಣಿಗುಣಿಯಲ್ಲೂ ಅರಿಶಿನ ಕೂತಿತ್ತು.

ಉಮೇಶ ಹತ್ತಿರ ಬಂದ. ದನಿ ತಗ್ಗಿಸಿದ. "ಎಲ್ಲರ ಮುಂದೆ ನನ್ ಮರ್ಯಾದೆ ತೆಗೀಬೇಡ. ಇದು ನನ್ ಗೇಟು. ನೀನಿರೋದು ನನ್ ಮನೇಲಿ. ನೆನಪಿರ್ಲಿ."

ನಾನು ನಾರು ಹಿಂಡಿ, ಬೆನ್ನು ನೇರ ಮಾಡಿ ಅವನ ಕಡೆ ತಿರುಗಿದೆ. ದನಿ ತಗ್ಗಿಸಲಿಲ್ಲ.

"ಗೇಟು ನಿಂದು. ಮನೆ ನಿಂದು. ಸಾಯಂಕಾಲ ನನ್ ಪಾತ್ರೆ ಪಗಡ ತಂದು ರೋಡಿಗಿಕ್ಕು, ನಾನು ಮಾತಾಡಾಕಿಲ್ಲ. ಇಲ್ಲೇ ಚಾಪೆ ಆಕ್ಕೊಂತೀನಿ. ಇದು ನಮ್ಮಪ್ಪನ ಕೊಟ್ಟಿಗೆ ಬಾಗ್ಲು. ಇಲ್ಲಿ ನಮ್ಮಕ್ಕ ಉಟ್ಟಿದ್ಲು, ಓದಿದ್ಲು, ಕಡಲು ಅಳೆದ್ಲು. ಅವ್ಳು ಇಲ್ಲಿ ಸತ್ತಿಲ್ಲ, ಅದಕ್ಕೆ ಇದು ಗೋರಿ ಅಲ್ಲ. ಯಾರ್ಗೂ ವರ ಕೊಟ್ಟಿಲ್ಲ, ಅದಕ್ಕೆ ಇದು ಗುಡಿ ಅಲ್ಲ. ಅವ್ಳು ಏನು ಮಾಡಿದ್ಲೋ ಅದು ಬರ್ದೈತೆ. ಓದಾಕೆ ಬರೋ ಜನ ನೀವೆಲ್ಲ. ಓದಾಕೆ ಬರ್ದೇ ಇರೋಳು ನಾನು ಓದ್ತೀನಿ, ಕೇಳ್ರಿ."

ಅರಿಶಿನ ಹೋಗಿ ಕಂಡ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದೆ. "ಸ... ಮು... ದ್ರ." ಒತ್ತಕ್ಷರದ ಕಡೆ ತಡವರಿಸಿದೆ. 'ವಿಜ್ಞಾನಿ' ಎನ್ನುವಲ್ಲಿ ಎರಡು ಸಲ ನಿಂತೆ. ಯಾರೂ ನಗಲಿಲ್ಲ. ಎರಡನೇ ಸಾಲಿಗೆ ಬರುವಾಗ ಬಸ್ಸೊಂದು ಹಾರ್ನು ಹೊಡೆಯುತ್ತಿತ್ತು, ಅದು ಹೋಗುವವರೆಗೆ ಕಾದು ಮತ್ತೆ ಮೊದಲಿನಿಂದ ಓದಿದೆ. "ಹಡಗು ಹತ್ತಲು ಬಿಡದಿದ್ದಾಗ ದಡದಲ್ಲಿ ಕುಳಿತು ಅಳೆದರು" ಎಂದು ಮುಗಿಸಿದಾಗ ಉಸಿರು ಮೇಲಕ್ಕೆ ಬಂದಿತ್ತು.

ಆಮೇಲೆ ಚೈತ್ರ, ಮುಖವಾಡದ ತಟ್ಟೆ ಹಿಡಿದೇ, ಕೇಳಿದಳು: "ಹಡಗು ಹತ್ತೋಕೆ ಯಾಕೆ ಬಿಡ್ಲಿಲ್ಲ ಅಜ್ಜಿ?"

"ಎಣ್ಣು ಅಂತ."

"ಆಮೇಲೆ?"

"ತಟ್ಟೆ ಕೆಳಗಿಕ್ಕು. ಕತೆ ಏಳ್ತೀನಿ."

ಅವಳು ಗಂಡನ ಮುಖ ನೋಡಿದಳು. ಆಮೇಲೆ ಬಗ್ಗಿ ತಟ್ಟೆಯನ್ನು ಗೇಟಿನ ಕಂಬದ ಪಕ್ಕ ಇಟ್ಟಳು.

ಅವತ್ತು ಸಾಯಂಕಾಲ ನನ್ನ ಪಾತ್ರೆಗಳು ರಸ್ತೆಗೆ ಬರಲಿಲ್ಲ. ಉಮೇಶ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟ, ಅಷ್ಟೆ. ಮತ್ತೊಂದು ಸಲ ಜೆಸಿಬಿಗೆ ಹೇಳಿಕಳಿಸಿದನಂತೆ. ಪೂಜೆಯಾಗಿರುವ ಕಲ್ಲು ನಾನು ಮುಟ್ಟುವುದಿಲ್ಲ ಎಂದ ಮಣಿಕಂಠ. ಬೇರೆಯವರೂ ಹಾಗೇ ಅಂದರು. ಮುಖವಾಡ ಹಾಕೋಣವೆಂದರೆ, ಮನೆಯ ಹಿರಿಯಳು ತೊಳೆದು ತೆಗೆದ ದೇವರನ್ನು ಮತ್ತೆ ಕೂರಿಸಲು ಯಾವ ಪೂಜಾರಿಯೂ ಒಪ್ಪಲಿಲ್ಲ. ಹೀಗಾಗಿ ಕಲ್ಲು ಇದ್ದಲ್ಲೇ ಇದೆ. ಮುಖವಾಡ ಉಮೇಶನ ಬೀರುವಿನಲ್ಲಿದೆ.

ಬಾಲರಾಜು ಸುದ್ದಿ ಕೇಳಿ ಅಟ್ಟೂರಿನಿಂದ ಉಳಿ ಸುತ್ತಿಗೆ ತೆಗೆದುಕೊಂಡು ಬಂದ. "ಎಲ್ಲಾ ನನ್ನಿಂದ ಆಗಿದ್ದಮ್ಮ. ಗೂಡು ಮುಚ್ತೀನಿ, ಸೂರ್ಯ ಚಂದ್ರ ಉಜ್ಜಿ ತೆಗೆದುಬಿಡ್ತೀನಿ" ಎಂದ. ನಾನು ಬೇಡವೆಂದೆ. ಕಡಲು ಏರುವುದು ಇಳಿಯುವುದು ಚಂದ್ರನಿಂದ, ಸೂರ್ಯನದೂ ಸ್ವಲ್ಪ ಕೈಯಿದೆ ಎಂದು ಅಕ್ಕ ಅಂಗಳದಲ್ಲಿ ಮಲಗಿ ಆಕಾಶ ತೋರಿಸಿ ಹೇಳುತ್ತಿದ್ದಳು. ಬಾಲರಾಜುವಿಗೆ ಅದನ್ನು ಹೇಳಿದೆ. ಅವನು ಉಳಿಯನ್ನು ಚೀಲಕ್ಕೆ ಹಾಕಿಕೊಂಡು, "ಹಂಗಾದ್ರೆ ಸರಿಯಾಗೇ ಕೆತ್ತಿದ್ದೀನಿ ಬಿಡಿ" ಎಂದು ಪಿಳ್ಳಣ್ಣನ ಹತ್ತಿರ ಎಳನೀರು ಕುಡಿಯಲು ಹೋದ.

ಈಗಲೂ ಯಾರೋ ಒಬ್ಬರು ಬೆಳಗಾಗುವುದರೊಳಗೆ ಬಂದು ಒಂದು ಬೊಟ್ಟು ಅರಿಶಿನ ಹಚ್ಚಿ ಹೋಗುತ್ತಾರೆ. ನಾನು ಹೋಗಿ ತೊಳೆಯುತ್ತೇನೆ. ಮೊನ್ನೆ ತೊಳೆಯುತ್ತಿರುವಾಗ ಉಮೇಶ ಕಾರು ನಿಲ್ಲಿಸಿ ಗಾಜು ಇಳಿಸಿದ.

"ಅಜ್ಜಿ, ಎಷ್ಟು ದಿನ ಅಂತ ತೊಳೀತೀಯ ನೀನು?"

"ನೀವು ಎಷ್ಟು ದಿನ ಅಚ್ತೀರ?"

ಅವನು ಗಾಜು ಏರಿಸಿಕೊಂಡು ಹೋದ. ಪಿಳ್ಳಣ್ಣ ಹಳೇ ನಾರು ಸವೆದಿದೆ ಎಂದು ಹೊಸದೊಂದು ಸಿಪ್ಪೆ ಸುಲಿದು ತಾನೇ ತಂದುಕೊಟ್ಟ. ಕೆಲಸ ಮುಗಿಸಿ, ಅದನ್ನು ಹಿಂಡಿ, ನಾಳೆಗೆ ಬೇಕಾಗುತ್ತದೆಂದು ದೀಪದ ಗೂಡಿನಲ್ಲಿ ಇಟ್ಟು ಬಂದೆ.